ಆರ್ದೆಶ್ ಕಣಿವೆಯಲ್ಲಿ ನಿಂತ ನೀಲಿ ಚುಕ್ಕಿ

ಫ್ರಾನ್ಸಿನ ದಕ್ಷಿಣದಲ್ಲಿ ಆರ್ದೆಶ್ ಎಂಬ ನದಿಯೊಂದಿದೆ. ಅದು ಯಾವ ಬೆಟ್ಟದಲ್ಲಿ ಹುಟ್ಟುತ್ತದೆ, ಎಲ್ಲಿ ಸುಣ್ಣಕಲ್ಲಿನ ಗೋಡೆ ಕೊರೆದು ಕಮಾನು ಮಾಡಿಕೊಂಡಿದೆ, ಯಾವ ತಿರುವಿನಲ್ಲಿ ನೀರು ಬಂಡೆಗೆ ಬಡಿಯುತ್ತದೆ, ಎಲ್ಲಿ ರೋನ್ ನದಿಯನ್ನು ಸೇರುತ್ತದೆ, ಎಲ್ಲವೂ ನನಗೆ ಬಾಯಿಪಾಠ. ಆ ನದಿಯನ್ನು ನಾನು ಕಣ್ಣಾರೆ ನೋಡಿಲ್ಲ. ನೋಡುವ ಆಸೆಯೂ ಇಲ್ಲ. ಪರೀಕ್ಷೆಗೆಂದು ಓದಿದ್ದು ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ಇದನ್ನು ನಾನು ಓದಿದ್ದು ಹೆದರಿಕೆಯಿಂದ, ಆದ್ದರಿಂದ ಒಂದಕ್ಷರವೂ ಮರೆತಿಲ್ಲ.

ಹೋದ ವರ್ಷ ಜುಲೈ ತಿಂಗಳ ಒಂದು ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗಿನ ಓದು ಅದು. ಆಗ ನಾನು ಮೆಲ್ಬರ್ನ್‌ನಲ್ಲಿ ತಂಗಿಯ ಮನೆಯಲ್ಲಿದ್ದೆ. ನಮ್ಮ ಮನೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಸ್ಟೇಷನ್ನಿಗೆ ಹತ್ತಿರದ ಫ್ಲ್ಯಾಟು. ಮೈಸೂರಿನಿಂದ ಬಂದಿಳಿದ ವರ್ಷ ಹಿಡಿದ ಸಬರ್ಬನ್ನು ಇಪ್ಪತ್ತೆರಡು ವರ್ಷವಾದರೂ ಬಿಟ್ಟಿಲ್ಲ. ಮ್ಯಾಕ್ವೆರಿ ಪಾರ್ಕ್‌ನ ಒಂದು ಆಫೀಸಿನಲ್ಲಿ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಎಂದರೆ ಬೇರೆಯವರು ಮಾಡಿದ ತಪ್ಪುಗಳನ್ನು ಹುಡುಕುವುದೇ ನನ್ನ ಹೊಟ್ಟೆಪಾಡು. ಮನೆಗೆ ಬಂದ ಮೇಲೂ ಆ ಕೆಲಸ ನಿಲ್ಲುವುದಿಲ್ಲ ಎಂಬುದು ನನ್ನ ಗಂಡನ ದೂರು.

ತಂಗಿ ಓದಲೆಂದು ಬಂದು, ಕಾಯಂ ವಾಸದ ಪಿಆರ್ ಸಿಕ್ಕ ಮೇಲೆ ಡ್ಯಾಂಡಿನಾಂಗ್ ಕಡೆ ಮನೆ ಮಾಡಿದವಳು. ಅವಳ ಮನೆಯಲ್ಲಿ ಆ ಶನಿವಾರ ಸತ್ಯನಾರಾಯಣ ಪೂಜೆ ಇತ್ತು. ನಮ್ಮವರಿಗೆ ವಾರಾಂತ್ಯದ ಡ್ಯೂಟಿ ಇದ್ದುದರಿಂದ ನಾನೊಬ್ಬಳೇ ವಿಮಾನ ಹತ್ತಿದ್ದೆ. ನಮ್ಮ ಒಬ್ಬಳೇ ಮಗಳು, ಆಗ ಅವಳಿಗೆ ಇಪ್ಪತ್ತೊಂದು, ಯೂನಿವರ್ಸಿಟಿಯ ರಜೆಯಲ್ಲಿ ಮೂವರು ಗೆಳತಿಯರ ಜೊತೆ ಫ್ರಾನ್ಸಿಗೆ ಹೋಗಿದ್ದಳು. ಹೊರಡುವ ಮುಂಚೆ ಅವಳು ನನಗೆ ತೋರಿಸಿದ ಪಟ್ಟಿಯಲ್ಲಿ ಪ್ಯಾರಿಸ್ ಇತ್ತು, ಲ್ಯಾವೆಂಡರ್ ಹೊಲಗಳಿದ್ದವು, ಆದಿಮಾನವರು ಚಿತ್ರ ಬರೆದ ಗುಹೆಯೊಂದರ ಪ್ರತಿಕೃತಿ ಇತ್ತು. ಆ ಗುಹೆಯ ಕೆಳಗೇ ಒಂದು ನದಿ ಹರಿಯುತ್ತದೆಂದು ಪಟ್ಟಿ ಹೇಳಿರಲಿಲ್ಲ. ಫೋನಿನಲ್ಲಿ ಲೊಕೇಶನ್ ಶೇರ್ ಮಾಡಿಟ್ಟಿರಬೇಕು, ಯಾವ ಊರು ತಲುಪಿದರೂ ಒಂದು ಮೆಸೇಜ್ ಹಾಕಬೇಕು, ಇವೆರಡು ನನ್ನ ಷರತ್ತುಗಳು.

ಪೂಜೆಗೆ ಬಂದವರೆಲ್ಲ ಹೊರಟುಹೋಗಿದ್ದರು. ಅಡುಗೆಗೆ ಬಾಡಿಗೆಗೆ ತಂದಿದ್ದ ದೊಡ್ಡ ಸ್ಟೀಲ್ ಪಾತ್ರೆಗಳನ್ನು ನಾನೂ ತಂಗಿಯೂ ಹಿತ್ತಲ ನಲ್ಲಿಯ ಹತ್ತಿರ ತಿಕ್ಕುತ್ತಿದ್ದೆವು. ಸಂಜೆ ಆರು ಗಂಟೆ, ಚಳಿಗೆ ಬೆರಳು ಸೆಟೆದುಕೊಂಡಿದ್ದವು. ಆಗ ಫೋನ್ ಸದ್ದು ಮಾಡಿತು. ಸೆರಗಿಗೆ ಕೈ ಒರೆಸಿಕೊಂಡು ನೋಡಿದರೆ ಮಗಳ ಫೋಟೋ.

ಎರಡು ಕೆಂಪು ಪ್ಲಾಸ್ಟಿಕ್ ದೋಣಿಗಳು, ನಾಲ್ವರು ಹುಡುಗಿಯರು, ನಾಲ್ವರ ಮೈಮೇಲೂ ಹಳದಿ ಲೈಫ್ ಜಾಕೆಟ್. ಅವರ ಹಿಂದೆ ಆಕಾಶದೆತ್ತರದ ಕಲ್ಲಿನ ಕಮಾನು, ಅದರ ಹೊಟ್ಟೆಯೊಳಗಿಂದ ಹರಿದುಹೋಗುವ ಹಸಿರು ನೀರು. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಮೂರು ಸಾಲು ಇತ್ತು. ಎರಡು ದಿನ ದೋಣಿಯಲ್ಲಿ ಹೋಗುತ್ತೇವೆ, ಕಣಿವೆಯೊಳಗೆ ನೆಟ್‌ವರ್ಕ್ ಇರುವುದಿಲ್ಲ, ದಯವಿಟ್ಟು ಪ್ಯಾನಿಕ್ ಆಗಬೇಡ.

ನಾನು ಕೂಡಲೇ ಫೋನ್ ಮಾಡಿದೆ. ಎತ್ತಲಿಲ್ಲ. ಮ್ಯಾಪ್ ತೆರೆದೆ. ಅವಳ ನೀಲಿ ಚುಕ್ಕಿ ನದಿಯ ಮೇಲೆ ತೆವಳುತ್ತಿತ್ತು. ಒಂದು ತಿರುವು ದಾಟಿತು, ಇನ್ನೊಂದರ ಬಾಯಿಗೆ ಬಂತು, ಅಲ್ಲೇ ನಿಂತಿತು. ಆಮೇಲೆ ಅದು ಅಲುಗಲಿಲ್ಲ.

“ಏನಾಯ್ತಕ್ಕ?” ಅಂದಳು ತಂಗಿ.

“ನೀರಿಗೆ ಹೋಗಿದ್ದಾಳೆ ಕಣೆ,” ಅಂದೆ. ಅಷ್ಟು ಹೇಳಿ ಬೋರಲು ಹಾಕಿದ್ದ ಪಾತ್ರೆಯ ಮೇಲೆ ಕೂತೆ.

ನನ್ನ ಮಗಳಿಗೆ ಈಜು ಬರುವುದಿಲ್ಲ. ಬರದ ಹಾಗೆ ನೋಡಿಕೊಂಡವಳು ನಾನು.

ಈ ದೇಶದಲ್ಲಿ ಈಜು ಬಾರದ ಮಗುವನ್ನು ಬೆಳೆಸುವುದು ಸುಲಭದ ಕೆಲಸವಲ್ಲ, ಅದಕ್ಕೆ ತುಂಬ ಶ್ರಮ ಬೇಕು. ಇಲ್ಲಿ ಮಕ್ಕಳು ಮಗ್ಗಿ ಕಲಿಯುವ ಮುಂಚೆ ಈಜು ಕಲಿಯುತ್ತವೆ. ಶಾಲೆಯಿಂದಲೇ ಬಸ್ಸು ಮಾಡಿ ಪೂಲಿಗೆ ಕರೆದುಕೊಂಡು ಹೋಗುತ್ತಾರೆ. ನಾನು ಪ್ರತಿವರ್ಷವೂ ಟೀಚರಿಗೆ ಚೀಟಿ ಬರೆದುಕೊಡುತ್ತಿದ್ದೆ, ಮಗುವಿಗೆ ಕಿವಿ ಸೋರುತ್ತದೆ, ನೀರಿಗೆ ಇಳಿಸಬೇಡಿ ಎಂದು. ಸುಳ್ಳು ಗಟ್ಟಿಯಾಗಿರಲಿ ಎಂದು ಆ ದಿನಗಳಲ್ಲಿ ಅವಳ ಎರಡು ಕಿವಿಗೂ ಹತ್ತಿ ಇಟ್ಟು ಕಳಿಸುತ್ತಿದ್ದೆ. ಉಳಿದ ಮಕ್ಕಳು ನೀರಿನಲ್ಲಿರುವಾಗ ಅವಳು ಲೈಬ್ರರಿಯಲ್ಲಿ ಕೂತು ಓದುತ್ತಾಳೆ ಎಂದುಕೊಂಡಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ, ನಾನಾಗಿ ಕೇಳಲೂ ಇಲ್ಲ. ಬೀಚಿಗೆ ಹೋದರೆ ಹಿಮ್ಮಡಿ ನೆನೆಯುವಷ್ಟು ನೀರು, ಅದಕ್ಕಿಂತ ಒಂದು ಹೆಜ್ಜೆ ಮುಂದಕ್ಕಿಟ್ಟರೆ ಸುತ್ತಲಿನವರೆಲ್ಲ ತಿರುಗಿ ನೋಡುವಂತೆ ಕಿರುಚುತ್ತಿದ್ದೆ.

ಕಾರಣ ಅವಳ ಜಾತಕ. ಅವಳು ಹುಟ್ಟಿದ್ದು ನಾವು ಬಂದ ಮೊದಲ ವರ್ಷವೇ, ಜನವರಿಯಲ್ಲಿ, ವೆಸ್ಟ್‌ಮೀಡ್‌ನಲ್ಲಿ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಅಪ್ಪ ಮೈಸೂರಿನಿಂದ ಫೋನ್ ಮಾಡಿ ಹುಟ್ಟಿದ ಸಮಯ ಕೇಳಿ, ತಾವು ನಂಬಿದ ಜೋಯಿಸರ ಹತ್ತಿರ ಜಾತಕ ಬರೆಸಿ ಅಂಚೆಯಲ್ಲಿ ಕಳಿಸಿದರು. ಅರಿಸಿನ ಹಚ್ಚಿದ ಉದ್ದನೆಯ ಹಾಳೆ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ಜಲಗಂಡಾಂತರ ಉಂಟು, ಇಪ್ಪತ್ತೈದು ವರ್ಷ ತುಂಬುವವರೆಗೆ ನದಿ, ಕೆರೆ, ಸಮುದ್ರಗಳಿಂದ ದೂರವಿಡತಕ್ಕದ್ದು.

ಜಾತಕವನ್ನು ನಾನು ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತಿದ್ದೆ. ನಂಬಿಕೆ ಬೇರೆ, ಹೆದರಿಕೆ ಬೇರೆ. ನಂಬದಿರುವುದಕ್ಕೆ ಧೈರ್ಯ ಬೇಕು, ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಆ ಕೆಂಪು ಸಾಲನ್ನು ಓದಿದವಳಿಗೆ ಅದು ಎಲ್ಲಿಂದ ಬರಬೇಕು? “ಕಲೀಲಿ ಬಿಡೆ, ಕಲಿತ್ರೆ ಒಳ್ಳೇದಲ್ವಾ?” ಎಂದು ನಮ್ಮವರು ಎರಡು ಮೂರು ಸಲ ಹೇಳಿ ನೋಡಿದರು. “ಆಮೇಲೆ ಏನಾದ್ರೂ ಆದ್ರೆ ನೀವು ತಂದುಕೊಡ್ತೀರಾ?” ಎಂದು ನಾನು ಕೇಳಿದ ಮೇಲೆ ಸುಮ್ಮನಾದರು. ಆ ಪ್ರಶ್ನೆಗೆ ಯಾವ ಗಂಡಸಿನ ಹತ್ತಿರವೂ ಉತ್ತರ ಇರುವುದಿಲ್ಲ ಎಂದು ಗೊತ್ತಿದ್ದೇ ಕೇಳಿದ್ದೆ. ಮಗಳು ದೊಡ್ಡವಳಾದ ಮೇಲೆ ಜಾತಕದ ವಿಷಯ ಅವಳಿಗೂ ತಿಳಿಯಿತು. ತುಂಬ ನಕ್ಕಳು. ಆದರೂ ನೀರಿಗೆ ಹೋಗಲಿಲ್ಲ, ಅಥವಾ ನನಗೆ ಗೊತ್ತಾಗುವಂತೆ ಹೋಗಲಿಲ್ಲ.

ಆ ಶನಿವಾರ ಸಂಜೆ ತಂಗಿಯ ಮನೆಯ ಸೋಫಾದ ಮೂಲೆಯಲ್ಲಿ ಕೂತು ನಾನು ಆರ್ದೆಶ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಪ್ರವಾಸಿಗರಿಗಾಗಿ ಬರೆದ ಪುಟಗಳಷ್ಟು ನಿರ್ದಯವಾದ ಬರಹವನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಲ್ಲದಕ್ಕೂ ಸಂಭ್ರಮ ಅವರಿಗೆ. ಕಮಾನಿನಿಂದ ಮುಂದೆ ಸುಮಾರು ಮೂವತ್ತು ಕಿಲೋಮೀಟರ್ ನದಿ ಸುಣ್ಣಕಲ್ಲಿನ ಗೋಡೆಗಳ ನಡುವೆ ಸುತ್ತಿಕೊಂಡು ಸುತ್ತಿಕೊಂಡು ಹೋಗುತ್ತದೆ. ಎರಡೂ ಕಡೆ ನೆಟ್ಟಗೆ ನಿಂತ ಬಂಡೆ, ನಡುವೆ ಊರಿಲ್ಲ, ಸೇತುವೆಯಿಲ್ಲ. ರಸ್ತೆ ಇರುವುದು ಎಷ್ಟೋ ಎತ್ತರದಲ್ಲಿ, ಅಂಚಿನ ಮೇಲೆ. ಅಲ್ಲಿ ಕಾರು ನಿಲ್ಲಿಸಿ ಜನ ಕೆಳಗಿನ ನದಿಯ ಫೋಟೋ ತೆಗೆಯುತ್ತಾರೆ, ದೋಣಿಗಳು ಅಕ್ಕಿಕಾಳಿನಷ್ಟು ಕಾಣುತ್ತವೆ. ಬಂಡೆಗಳಲ್ಲಿ ಹದ್ದು ಗೂಡು ಕಟ್ಟುತ್ತದೆ, ದಡದ ಮರಗಳನ್ನು ನೀರಿನಲ್ಲಿ ಬಾಳುವ ಬೀವರ್‌ಗಳು ಕಡಿದು ಹಾಕುತ್ತವೆ. ಕಣಿವೆಯೆಲ್ಲ ರಕ್ಷಿತಾರಣ್ಯವಾದ್ದರಿಂದ ಸಿಕ್ಕಸಿಕ್ಕಲ್ಲಿ ಮಲಗುವಂತಿಲ್ಲ, ಗೊತ್ತುಮಾಡಿದ ಎರಡೇ ಕಡೆ ರಾತ್ರಿ ತಂಗಬಹುದು. ಕೊನೆಯ ಹಳ್ಳಿಯಲ್ಲಿ ದೋಣಿ ಒಪ್ಪಿಸಿದರೆ ಬಸ್ಸಿನಲ್ಲಿ ವಾಪಸು ಕರೆತರುತ್ತಾರೆ. ಬಟ್ಟೆ, ಊಟ, ಫೋನು ಎಲ್ಲ ನೆನೆಯದಂತೆ ಮುಚ್ಚಳ ತಿರುಗಿಸುವ ಒಂದು ಪೀಪಾಯಿ ಕೊಡುತ್ತಾರೆ. ಇದನ್ನೆಲ್ಲ ಬೇರೆ ಯಾರ ಮಗಳ ವಿಷಯವಾಗಿ ಓದಿದ್ದರೂ ನಾನೂ ಚೆನ್ನಾಗಿದೆ ಎನ್ನುತ್ತಿದ್ದೆನೇನೋ.

ನದಿಯ ಇಳಿಜಾರುಗಳಿಗೆ ಹೆಸರುಗಳಿವೆ. ಒಂದರ ಹೆಸರು ಕಪ್ಪು ಹಲ್ಲು. ನೀರಿನ ನಡುವೆ ಒಂದು ಬಂಡೆ ನಿಂತಿದೆ, ಪ್ರವಾಹ ದೋಣಿಯನ್ನು ನೇರ ಅದರ ಮೇಲೆಯೇ ಒಯ್ಯುತ್ತದೆ. ಹೊಸಬರು ಅಲ್ಲಿ ಬೀಳುವುದು ಮಾಮೂಲು ಎಂದು ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದ ಯಾರೋ ಪುಣ್ಯಾತ್ಮ. ಆ ಬಂಡೆ ಎಲ್ಲಿದೆ ಎಂದು ಮ್ಯಾಪಿನಲ್ಲಿ ಹುಡುಕಿದೆ. ಚುಕ್ಕಿ ನಿಂತಿದ್ದ ತಿರುವಿನಿಂದ ಸ್ವಲ್ಪವೇ ಮುಂದೆ ಇತ್ತು.

ದೋಣಿ ಬಾಡಿಗೆಗೆ ಕೊಡುವವರ ನಿಯಮಗಳನ್ನೂ ಓದಿದೆ. ಮೊದಲನೆಯ ಸಾಲಿನಲ್ಲೇ ಇತ್ತು: ಈಜು ಬಲ್ಲವರಿಗೆ ಮಾತ್ರ. ಗೊತ್ತಿದೆ ಎಂದು ಚೌಕದಲ್ಲಿ ಟಿಕ್ ಮಾಡಿ ಸಹಿ ಹಾಕಬೇಕು. ನನ್ನ ಮಗಳು ಸಹಿ ಹಾಕಿದ್ದಾಳೆ. ಸುಳ್ಳು ಚೀಟಿ ಬರೆಯುವುದನ್ನು ಅವಳು ಯಾರಿಂದ ಕಲಿತಳೆಂದು ಬೇರೆಯವರನ್ನು ಕೇಳಬೇಕಾಗಿರಲಿಲ್ಲ.

ಮೇಲಿನ ಬೆಟ್ಟಗಳಲ್ಲಿ ಗುಡುಗು ಮಳೆಯಾದರೆ ಕೆಲವೇ ಗಂಟೆಗಳಲ್ಲಿ ನದಿ ಏರುತ್ತದೆಂದು ಓದಿದ ಮೇಲೆ ಹವಾಮಾನ ನೋಡಿದೆ. ಭಾನುವಾರ ಮಧ್ಯಾಹ್ನಕ್ಕೆ ಆ ಬೆಟ್ಟಗಳ ಮೇಲೆ ಒಂದು ಕಪ್ಪು ಮೋಡ, ಅದರ ಕೆಳಗೆ ಮಿಂಚಿನ ಗುರುತು. ತಂಗಿ ಫೋನ್ ಕಿತ್ತುಕೊಂಡಳು.

“ಲೈಫ್ ಜಾಕೆಟ್ ಇದೆ ಅಲ್ವಾ ಅಕ್ಕ? ದಿನಾ ನೂರಾರು ಜನ ಹೋಗ್ತಾರೆ. ನೀನೇ ಓದಿದ್ದು.”

“ನೂರಾರು ಜನರ ಜಾತಕದಲ್ಲಿ ಬರೆದಿಲ್ಲ,” ಅಂದೆ.

ಅವಳು ಫೋನ್ ವಾಪಸು ಕೊಟ್ಟಳು.

ಭಾನುವಾರ ಬೆಳಗಾಯಿತು. ನಮಗೆ ಬೆಳಗಾದಾಗ ಅಲ್ಲಿ ಕತ್ತಲೆ, ಆ ಲೆಕ್ಕವನ್ನು ಬಿಡದೆ ಹಾಕುತ್ತಿದ್ದೆ. ನಮ್ಮ ಗಡಿಯಾರದಿಂದ ಎಂಟು ಗಂಟೆ ಕಳೆದರೆ ಫ್ರಾನ್ಸು. ಇಲ್ಲಿ ಹತ್ತು ಗಂಟೆ, ಅಲ್ಲಿ ರಾತ್ರಿ ಎರಡು. ಅವಳು ನದಿಯ ದಡದಲ್ಲಿ ಮಲಗಿದ್ದಾಳೋ ಅಥವಾ. ಆ ‘ಅಥವಾ’ದಿಂದ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ. ಕಾಫಿ ಲೋಟದಲ್ಲೇ ಆರಿತು. ನಾನು ಹೀಗೆ ಕೂತಿದ್ದರೆ ಕೆಲಸ ಕೆಡುತ್ತದೆಂದು ತಂಗಿಯೇ ಹೇಳಿದಳು, “ದೇವಸ್ಥಾನಕ್ಕೆ ಹೋಗಿ ಒಂದು ಶಾಂತಿ ಮಾಡಿಸೋಣ. ಅಲ್ಲಿ ಒಬ್ರು ಕನ್ನಡದ ಅರ್ಚಕರಿದ್ದಾರೆ. ಜಾತಕ ತರಿಸು.”

ನಮ್ಮವರಿಗೆ ಫೋನ್ ಮಾಡಿದೆ. ಅವರೂ ನಿದ್ದೆ ಮಾಡಿರಲಿಲ್ಲ, ದನಿಯಲ್ಲೇ ತಿಳಿಯಿತು. ಬೀರುವಿನಿಂದ ಜಾತಕ ತೆಗೆದು, ಊಟದ ಮೇಜಿನ ಮೇಲೆ ಹರಡಿ, ಫೋಟೋ ತೆಗೆದು ಕಳಿಸಿದರು. ಫೋಟೋದ ಅಂಚಿನಲ್ಲಿ ಅವರ ಹೆಬ್ಬೆರಳೂ ಬಂದಿತ್ತು.

ಅರ್ಚಕರು ಉಡುಪಿ ಕಡೆಯವರು, ಮಡಿಪಂಚೆಯ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡಿದ್ದರು. ಮೊದಲು ನಮ್ಮ ಮಾತನ್ನೆಲ್ಲ ಸಮಾಧಾನದಿಂದ ಕೇಳಿದರು. ಆಮೇಲೆ ನನ್ನ ಫೋನಿನಲ್ಲಿ ಜಾತಕದ ಫೋಟೋವನ್ನು ದೊಡ್ಡದು ಮಾಡಿ, ಕನ್ನಡಕ ಮೇಲೇರಿಸಿ ನೋಡಿದರು.

“ಜನವರಿಯಲ್ಲಿ ಹುಟ್ಟಿದ್ದಾ? ಸಿಡ್ನಿಯಲ್ಲಿ?”

“ಹೌದು.”

“ಒಂಬತ್ತು ಹತ್ತಕ್ಕೆ. ಇಲ್ಲಿ ಇಂಡಿಯಾ ಟೈಮು ನಾಲ್ಕು ನಲವತ್ತು ಅಂತ ಹಾಕಿದ್ದಾರಲ್ಲ. ನಾಲ್ಕೂವರೆ ಗಂಟೆ ಕಳೆದದ್ದು ಯಾರು?”

“ನಾನೇ. ಅಪ್ಪ ಕೇಳಿದ್ರು, ನಾನು ಹೇಳಿದೆ.”

ಅವರು ಕನ್ನಡಕ ತೆಗೆದರು. “ಜನವರಿಯಲ್ಲಿ ನಾಲ್ಕೂವರೆ ಅಲ್ವಲ್ಲಮ್ಮ. ಬೇಸಿಗೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ. ಐದೂವರೆ ಕಳೀಬೇಕು.”

ನನಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಡೇಲೈಟ್ ಸೇವಿಂಗ್. ನಾವು ಸಿಡ್ನಿಗೆ ಬಂದಿಳಿದದ್ದು ಜೂನ್‌ನಲ್ಲಿ. ಇಂಡಿಯಾಕ್ಕೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ ಎಂದು ಏರ್‌ಪೋರ್ಟಿನಿಂದ ಬರುವಾಗ ಟ್ಯಾಕ್ಸಿಯಲ್ಲೇ ನಮ್ಮವರು ಹೇಳಿಕೊಟ್ಟಿದ್ದರು. ಅಕ್ಟೋಬರಿನಲ್ಲಿ ಅವರೇ ಗೋಡೆ ಗಡಿಯಾರ ಇಳಿಸಿ ಮುಳ್ಳು ತಿರುಗಿಸಿದ್ದನ್ನು ನಾನು ನೋಡಿದ್ದೆ, ಇದೆಂಥ ಹುಚ್ಚು ದೇಶ ಎಂದು ನಕ್ಕಿದ್ದೆ. ಆದರೆ ಹೆತ್ತ ಮರುದಿನ ಹಾಸಿಗೆಯಲ್ಲಿ ಮಲಗಿದ್ದವಳನ್ನು ಅಪ್ಪ ಎಷ್ಟು ಕಳೆಯಬೇಕು ಎಂದು ಕೇಳಿದಾಗ ಬಾಯಿಗೆ ಬಂದದ್ದು ಮೊದಲ ದಿನ ಕಲಿತ ನಾಲ್ಕೂವರೆಯೇ. ಊರವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ನಾನು ಆ ಹಾಳೆಯನ್ನು ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಸಲ ತೆಗೆದು ಓದಿದ್ದೇನೋ. ಕೆಂಪು ಸಾಲು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

“ಇಲ್ಲಿ ಬಹಳ ಜನ ಹೀಗೇ ತರ್ತಾರೆ,” ಅಂದರು ಅರ್ಚಕರು. “ಮದುವೆಗೆ ಜಾತಕ ತಂದ್ರೆ ನಾನು ಮೊದಲು ಕೇಳುವುದೇ ಇದು, ಬೇಸಿಗೆ ಮಗುವೋ ಚಳಿಗಾಲದ ಮಗುವೋ ಅಂತ. ಒಂದು ಗಂಟೆ ಅಂದ್ರೆ ಲಗ್ನವೇ ಬದಲಾಗ್ತದೆ.” ತಮ್ಮ ಫೋನಿನಲ್ಲಿ ಸರಿಯಾದ ಸಮಯ ಹಾಕಿ ಕುಂಡಲಿ ತೆಗೆದು ಬಹಳ ಹೊತ್ತು ನೋಡಿದರು. “ಇದರಲ್ಲಿ ಜಲಗಂಡಾಂತರ ಎಲ್ಲಿದೆ? ನನಗೇನೂ ಕಾಣುವುದಿಲ್ಲ. ಆದ್ರೂ ನಿಮ್ಮ ಸಮಾಧಾನಕ್ಕೆ ಒಂದು ಅರ್ಚನೆ ಮಾಡುವ.”

ಅರ್ಚನೆ ಮುಗಿಯುವವರೆಗೂ ನನ್ನ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ಸಂತೋಷದ ನೀರು ಅದು. ಗಂಡಾಂತರವೇ ಇಲ್ಲ! ಅವಳದಲ್ಲದ ಒಂದು ಹಣೆಬರಹಕ್ಕೆ ಇಷ್ಟು ವರ್ಷ ಹೆದರಿದ್ದೆ. ತಂಗಿ ನನ್ನ ಬೆನ್ನು ಸವರುತ್ತಿದ್ದಳು. ಕುಂಕುಮ ಹಚ್ಚಿಕೊಂಡು, ಪ್ರಸಾದ ಕಟ್ಟಿಸಿಕೊಂಡು ಕಾರು ಹತ್ತುವವರೆಗೆ ನನಗೆ ಮೈ ಹಗುರಾಗಿತ್ತು. ನಮ್ಮವರಿಗೆ ಫೋನ್ ಮಾಡಿ ನಗುತ್ತಲೇ ವಿಷಯ ಹೇಳಿದೆ. ಅವರು ನಗಲಿಲ್ಲ. ಕೇಳಿದರು:

“ಆದ್ರೂ ಈಜು ಬರಲ್ಲ ಅಲ್ವಾ ಅವಳಿಗೆ?”

ನಾನು ಫೋನ್ ಕೆಳಗಿಟ್ಟೆ. ಹಿಂದಿನ ದಿನದ ಭಯದಲ್ಲಿ ಒಂದು ಆಸರೆ ಇತ್ತು, ಎಲ್ಲ ವಿಧಿ ಎನ್ನಬಹುದಿತ್ತು. ಈಗ ವಿಧಿ ಕೈ ತೊಳೆದುಕೊಂಡು ಎದ್ದುಹೋಗಿತ್ತು. ಉಳಿದದ್ದು ಒಂದು ನದಿ, ಒಂದು ಬಂಡೆ, ಈಜು ಬಾರದ ಒಬ್ಬಳು ಹುಡುಗಿ. ಜಾತಕದಲ್ಲಿ ಇಲ್ಲದ ಗಂಡಾಂತರವನ್ನು ವರ್ಷ ವರ್ಷವೂ ಚೀಟಿ ಬರೆದು, ಹತ್ತಿ ತುರುಕಿ ನಾನೇ ತಂದಿಟ್ಟಿದ್ದೆ. ಅವಳಿಗೆ ಏನಾದರೂ ಆಗಿದ್ದರೆ ಅದನ್ನು ಮಾಡಿದವಳು ನಾನು. ತಂಗಿಗೆ ಕಾರು ನಿಲ್ಲಿಸಲು ಹೇಳಿ ರಸ್ತೆಯ ಪಕ್ಕದ ಹುಲ್ಲಿನಲ್ಲಿ ಬೆಳಗಿನಿಂದ ಗುಟುಕರಿಸಿದ್ದ ನೀರನ್ನೆಲ್ಲ ವಾಂತಿ ಮಾಡಿದೆ.

ಮಧ್ಯಾಹ್ನ ಹೇಗೆ ಕಳೆಯಿತೋ ಗೊತ್ತಿಲ್ಲ. ಮೂರೂವರೆಗೆ, ಎಂದರೆ ಅಲ್ಲಿ ಏಳೂವರೆಗೆ, ಬೆಳಕಾಗಿರುತ್ತದೆಂದು ಕಮಾನಿನ ಬಳಿಯ ಊರಿನ ದೋಣಿ ಬಾಡಿಗೆಯವರ ಒಂದೊಂದೇ ನಂಬರು ಹುಡುಕಿ ಫೋನ್ ಮಾಡತೊಡಗಿದೆ. ಅವಳು ಯಾರ ಹತ್ತಿರ ದೋಣಿ ತೆಗೆದುಕೊಂಡಿದ್ದಳೆಂದೂ ನನಗೆ ಗೊತ್ತಿರಲಿಲ್ಲ. ಪ್ರತಿಯೊಂದಕ್ಕೂ ಹೆಂಗಸಿನ ದನಿಯಲ್ಲಿ ರೆಕಾರ್ಡ್ ಮಾಡಿಟ್ಟ ಫ್ರೆಂಚ್ ಮಾತು ಬರುತ್ತಿತ್ತು. ಆ ದನಿ ಬಹಳ ಸೌಜನ್ಯದಿಂದ ಏನೋ ಹೇಳಿ ಮುಗಿಸುತ್ತಿತ್ತು. ನೀಲಿ ಚುಕ್ಕಿ ಅದೇ ತಿರುವಿನಲ್ಲಿತ್ತು.

ಬಾಡಿಗೆ ಪಾತ್ರೆಗಳನ್ನು ಐದು ಗಂಟೆಯೊಳಗೆ ಡ್ಯಾಂಡಿನಾಂಗ್‌ನ ಅಂಗಡಿಗೆ ವಾಪಸು ಕೊಡಬೇಕಿತ್ತು. ನನ್ನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಹೆದರಿ ತಂಗಿ ಜೊತೆಗೆ ಕರೆದೊಯ್ದಳು. ಅಂಗಡಿಯ ಹಿಂದಿನ ಕಾರ್ ಪಾರ್ಕಿನಲ್ಲಿ ಅವಳು ಪಾತ್ರೆ ಇಳಿಸಿಕೊಂಡು ಒಳಗೆ ಹೋದಳು. ನಾನು ಕಾರಿನಲ್ಲೇ ಕೂತೆ. ಆಕಾಶ ಕಪ್ಪಾಗುತ್ತಿತ್ತು, ತಳ್ಳುಗಾಡಿಗಳನ್ನು ಒಟ್ಟುಮಾಡುವ ಸದ್ದು ಕೇಳುತ್ತಿತ್ತು. ಆಗ ಮಡಿಲಲ್ಲಿದ್ದ ಫೋನ್ ನಡುಗಿತು.

“ಅಮ್ಮಾ.”

ನನ್ನ ಮಗಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಜ್ವರ ಬಂದಾಗ, ತುಂಬ ಹೆದರಿದಾಗ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತದೆ. ಅಂದು ಕನ್ನಡ ಬಂತು.

“ಎಲ್ಲಿದ್ದೀಯ ಪುಟ್ಟಿ? ಎಲ್ಲಿದ್ದೀಯ?”

“ಮೇಲೆ, ರೋಡಲ್ಲಿ. ಬೆಳಿಗ್ಗೆ ಹತ್ತಿಕೊಂಡು ಬಂದ್ವಿ, ನಾನು ಮತ್ತೆ ಇನ್ನೊಬ್ಳು. ಅವ್ರಿಬ್ರು ದೋಣಿ ತಗೊಂಡು ಹೋದ್ರು. ನಾನು ಹೋಗಲ್ಲ ಅಂದೆ. ಐ ಆಮ್ ಓಕೆ ಅಮ್ಮ.”

ಆಮೇಲೆ ಅಳತೊಡಗಿದಳು. ತುಂಡು ತುಂಡಾಗಿ ಹೇಳಿದಳು. ಶನಿವಾರ ಮಧ್ಯಾಹ್ನವೇ ಆ ಕಪ್ಪು ಹಲ್ಲಿನ ಬಂಡೆಗೆ ದೋಣಿ ಅಡ್ಡವಾಗಿ ಬಡಿದು ಮಗುಚಿತು. ಇವಳು ಮುಳುಗಿದಳು. ಜಾಕೆಟ್ ಮೇಲಕ್ಕೆ ಎತ್ತಿತು, ಆದರೆ ಅದು ಇವಳಿಗೆ ತಿಳಿಯಲೇ ಇಲ್ಲ. ಜೊತೆಯಲ್ಲಿದ್ದ ಗೆಳತಿ ಈಜಿಕೊಂಡು ಹತ್ತಿರ ಬಂದಳು.

“ಅವಳ ಕುತ್ತಿಗೆ ಹಿಡ್ಕೊಂಡೆ ಅಮ್ಮ. ಬಿಡೋಕೆ ಆಗ್ಲೇ ಇಲ್ಲ. ಅವಳು ಬಿಡು ಬಿಡು ಅಂತ ಕಿರುಚ್ತಿದ್ಲು, ನಾನು ಅವಳನ್ನ ಕೆಳಗೆ ತಳ್ತಾ ಇದ್ದೆ. ಹಿಂದಿನ ದೋಣಿಯವ್ರು ಬಂದು ಬಿಡಿಸಿದ್ರು. ಅವಳ ಕತ್ತಿನ ತುಂಬ ನನ್ನ ಉಗುರು.”

ಅವಳು ಬದುಕಿದ್ದಾಳೆ, ಮಾತಾಡುತ್ತಿದ್ದಾಳೆ, ಅಳುತ್ತಿದ್ದಾಳೆ. ನನ್ನ ಕಿವಿಗೆ ಮೊದಲು ಅಷ್ಟೇ ಹೋಯಿತು. ಡ್ಯಾಶ್‌ಬೋರ್ಡಿಗೆ ಹಣೆ ಒತ್ತಿಕೊಂಡು ದೇವರೇ ದೇವರೇ ಎನ್ನುತ್ತಿದ್ದೆ. ಆಗ ಅವಳು ಅಂದಳು:

“ನೀನು ಹೇಳಿದ್ದು ಕರೆಕ್ಟು ಅಮ್ಮ. ನಾನು ಎಷ್ಟು ನಕ್ಕಿದ್ದೆ. ಇಟ್ಸ್ ಟ್ರೂ. ನನ್ನ ಜಾತಕದಲ್ಲಿ ಇದೆ. ನಾನು ಇನ್ಯಾವತ್ತೂ ನೀರಿಗೆ ಹೋಗಲ್ಲ. ಪ್ರಾಮಿಸ್.”

ಇಪ್ಪತ್ತೊಂದು ವರ್ಷದಿಂದ ನಾನು ಕೇಳಲು ಬಯಸಿದ್ದ ಮಾತು ಅದು. ನಾನು ಸುಮ್ಮನಿದ್ದರೆ ಸಾಕಿತ್ತು. ಹೂಂ ಎಂದರೂ ಸಾಕಿತ್ತು. ಅವಳು ಮತ್ತೆ ಎಂದೂ ನೀರಿನ ಹತ್ತಿರ ಸುಳಿಯುತ್ತಿರಲಿಲ್ಲ, ನಾನು ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ಸುಮ್ಮನಿದ್ದೆ. ಕೈಯಲ್ಲಿದ್ದ ಪ್ರಸಾದದ ಪೊಟ್ಟಣ ಹಿಸುಕಿ ಹಿಸುಕಿ ಹರಿದು ಕುಂಕುಮವೆಲ್ಲ ಸೀರೆಯ ಮೇಲೆ ಚೆಲ್ಲಿತು.

“ಇಲ್ಲ ಪುಟ್ಟಿ,” ಅಂದೆ. “ನಿನ್ನ ಜಾತಕದಲ್ಲಿ ಇಲ್ಲ. ಇವತ್ತು ಗೊತ್ತಾಯ್ತು. ತಪ್ಪು ನನ್ನದು.” ಡೇಲೈಟ್ ಸೇವಿಂಗ್, ನಾಲ್ಕೂವರೆ, ಐದೂವರೆ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣ ವಿಷಯವೆಂದು ನನಗೇ ಹೇಸಿಗೆಯಾಯಿತು.

ಅವಳ ಹಿಂದೆ ಎಲ್ಲೋ ಜೀರುಂಡೆಗಳು ಒಂದೇ ಸಮನೆ ಕೂಗುತ್ತಿದ್ದವು. ಆ ಕಣಿವೆಯಲ್ಲಿ ಬೇಸಿಗೆಯೆಲ್ಲ ಜೀರುಂಡೆಗಳು ಕೂಗುತ್ತವೆಂದು ಓದಿದ್ದೆ.

“ಒನ್ ಅವರ್?” ಅಂದಳು.

“ಹೂಂ.”

“ಅಮ್ಮ, ಪೂಲ್ ಹತ್ರ ಒಂದು ಬೆಂಚ್ ಇರ್ತಿತ್ತು,” ಅಂದಳು. “ಎಲ್ರೂ ಅವರ ಟವೆಲ್ ನನ್ನ ಹತ್ರ ಕೊಡೋರು. ಪ್ರತಿ ವರ್ಷ. ನಾನು ಅಲ್ಲೇ ಕೂತ್ಕೊಂಡು ನೋಡ್ತಿದ್ದೆ. ಕೈ ಹೇಗೆ ಹಾಕ್ಬೇಕು, ಕಾಲು ಹೇಗೆ ಹೊಡೀಬೇಕು, ಉಸಿರು ಯಾವಾಗ ತಗೋಬೇಕು, ಟೀಚರ್ ಹೇಳೋದೆಲ್ಲ ನಂಗೆ ಬಾಯಿಗೆ ಬರತ್ತೆ. ಅದಕ್ಕೇ ಆ ಫಾರ್ಮಲ್ಲಿ ಟಿಕ್ ಮಾಡಿದೆ. ಸುಳ್ಳು ಅಂತ ಅನ್ನಿಸ್ಲಿಲ್ಲ. ಅಷ್ಟು ವರ್ಷ ನೋಡಿದ್ದೀನಲ್ಲ, ನಂಗೆ ಬರತ್ತೆ ಅಂದ್ಕೊಂಡೆ.”

ಮುಚ್ಚಿದ ಕಾರಿನೊಳಗೆ ಕೂತು ನಾನು ಕೇಳಿಸಿಕೊಂಡೆ.

“ನೀರಲ್ಲಿ ಹಾಗೇ ಕೈ ಹಾಕ್ದೆ ಅಮ್ಮ,” ಅಂದಳು. “ಕರೆಕ್ಟಾಗೇ ಹಾಕ್ದೆ.”